ಕಾಕಂಬಿ ಹಾಕ್ತಿದೀನಿ, ಎಲೆ ಹಳದಿ ಆಗ್ತಿದೆ. ನಿಲ್ಲಿಸ್ಲಾ, ಮುಂದುವರಿಸ್ಲಾ?

ಹಸಿರುಕುಂಡ:
ಎಲ್ರಿಗೂ ನಮಸ್ಕಾರ. ನಾನಿರೋ ಕಡೆ ಮನೇಲಿ ನಾಲ್ಕು ಗಾಂಜಾ ಗಿಡ ಬೆಳೆಸ್ಕೊಳ್ಳೋಕೆ ಕಾನೂನು ಬಿಡುತ್ತೆ, ಇದು ನನ್ನ ಎರಡನೇ ಸಲ. 20 ಲೀಟರ್ ಕುಂಡಗಳು, ಮಣ್ಣು ಎರೆಗೊಬ್ಬರ ಪರ್ಲೈಟ್ ಸೇರಿಸಿ ನಾನೇ ಮಾಡ್ಕೊಂಡ ಮಿಕ್ಸ್. ಹೂ ಬಿಡೋಕೆ ಶುರುವಾಗಿ ಮೂರು ವಾರ ಆಯ್ತು. ಹೂ ಬರೋ ಟೈಮಲ್ಲಿ ಕಾಕಂಬಿ (ಕಬ್ಬಿಂದ ಸಕ್ಕರೆ ತೆಗೆದ ಮೇಲೆ ಉಳಿಯೋ ಪಾಕ, ಮೊಲಾಸಿಸ್) ಕೊಟ್ರೆ ಮೊಗ್ಗು ದಪ್ಪ ಆಗುತ್ತೆ, ಸಿಹಿ ವಾಸನೆ ಬರುತ್ತೆ ಅಂತ ಎಲ್ಲಾ ಕಡೆ ಓದಿದ್ದೆ, ಅದಕ್ಕೆ ಪ್ರತಿ ಸಲ ನೀರು ಹಾಕುವಾಗ್ಲೂ ಲೀಟರಿಗೆ ಎರಡು ದೊಡ್ಡ ಚಮಚ ಮೊಲಾಸಿಸ್ ಕಲಸಿ ಹಾಕ್ತಾ ಬಂದೆ. ಈಗ ಕೆಳಗಿನ ಎಲೆಗಳು ಹಳದಿ ಆಗಿ ಉದುರ್ತಿವೆ, ಮಧ್ಯದ ಎಲೆಗಳಿಗೂ ಹತ್ತಿದೆ. ಕುಂಡದ ಹತ್ರ ಮೂಗು ಇಟ್ರೆ ಹುಳಿ ವಾಸನೆ, ಮೇಲೆ ಬಿಳಿ ಪದರ, ಸಣ್ಣ ಕಪ್ಪು ನೊಣಗಳು ಬೇರೆ. ಗಿಡಕ್ಕೆ ಹಸಿವಾಗಿ ಹೀಗಾಯ್ತಾ ಇಲ್ಲಾ ಹೊಟ್ಟೆ ಕೆಟ್ಟು ಹೀಗಾಯ್ತಾ ಗೊತ್ತಾಗ್ತಿಲ್ಲ. ಹೇಳಿ ಪ್ಲೀಸ್.

ರಾತ್ರಿರಾಣಿ:
ಮೊದ್ಲು ನಿಲ್ಸಿ. ಎರಡು ದೊಡ್ಡ ಚಮಚ ಅಂದ್ರೆ 30 ಎಂಎಲ್, ಅದೂ ಪ್ರತಿ ನೀರಿಗೆ! ನಾವು ಹಾಕೋದು ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ, ಅದೂ ಎರಡು ವಾರಕ್ಕೊಂದ್ಸಲ.

ಬೇರುಮಟ್ಟ:
ಹಸಿರುಕುಂಡ ಅವರೇ, ನೀವು ಕೇಳಿದ್ದು ಹಸಿವಾ ಹೊಟ್ಟೆ ಕೆಟ್ಟಿದ್ದಾ ಅಂತ. ಎರಡೂ ಹೌದು, ಮತ್ತೆ ಎರಡಕ್ಕೂ ಕಾರಣ ಒಂದೇ. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರ್ಲಿ.

ಕಾಕಂಬಿ ಗಿಡದ ಊಟ ಅಲ್ಲ. ಗಿಡ ತನ್ನ ಸಕ್ಕರೆನ ತಾನೇ ಎಲೇಲಿ ಮಾಡ್ಕೊಳ್ಳುತ್ತೆ, ಬೆಳಕು ನೀರು ಗಾಳಿ ಇದ್ರೆ ಸಾಕು, ಆ ಸಕ್ಕರೆ ಎಲೆಯಿಂದ ಹೂವಿಗೂ ಬೇರಿಗೂ ಹರಿಯುತ್ತೆ. ಅಷ್ಟೇ ಅಲ್ಲ, ಅದರಲ್ಲೊಂದು ಪಾಲನ್ನ ಗಿಡಾನೇ ಬೇರಿನಿಂದ ಹೊರಗೆ ಮಣ್ಣಿಗೆ ಬಿಡುತ್ತೆ, ಬೇರಿನ ಸುತ್ತ ಇರೋ ಜೀವಾಣುಗಳನ್ನ ಸಾಕೋಕೆ. ಅಂದ್ರೆ ಬೇರಿನ ಮಟ್ಟಿಗೆ ಸಕ್ಕರೆ ಹರಿಯೋದು ಮೇಲಿಂದ ಕೆಳಕ್ಕೆ. ನಾವು ಕುಂಡಕ್ಕೆ ಸುರಿದ ಸಕ್ಕರೆ ಬೇರಿನ ಮೂಲಕ ಹತ್ತಿ ಮೊಗ್ಗಿಗೆ ಹೋಗಿ ಕೂತ್ಕೊಳ್ಳುತ್ತೆ ಅನ್ನೋದು ಆಗೋ ಮಾತಲ್ಲ.

ಹಾಗಾದ್ರೆ ಅದನ್ನ ತಿನ್ನೋರು ಯಾರು? ಬ್ಯಾಕ್ಟೀರಿಯಾ. ಸಕ್ಕರೆ ಅವಕ್ಕೆ ತುಂಬಾ ಸುಲಭದ ಊಟ, ಕೆಲವು ಗಂಟೆಗಳಿಂದ ಕೆಲವು ದಿನದೊಳಗೆ ಮುಗಿಸಿಬಿಡ್ತವೆ. ತಿಂದು ಸಂಖ್ಯೆ ಹೆಚ್ಚಿಸ್ಕೋತವೆ. ಸಮಸ್ಯೆ ಬರೋದು ಇಲ್ಲೇ. ಮೈ ಕಟ್ಟೋಕೆ ಬರೀ ಇಂಗಾಲ ಸಾಲಲ್ಲ, ಸಾರಜನಕ ಬೇಕು. ಬ್ಯಾಕ್ಟೀರಿಯಾದ ಮೈಯಲ್ಲಿ ಪ್ರತಿ ಒಂದು ಪಾಲು ಸಾರಜನಕಕ್ಕೆ ಐದರಿಂದ ಎಂಟು ಪಾಲು ಇಂಗಾಲ ಇರುತ್ತೆ, ಕಾಕಂಬಿಯಲ್ಲಿ ಇಂಗಾಲ ರಾಶಿ ರಾಶಿ ಸಾರಜನಕ ಚೂರೇ ಚೂರು. ಆ ಕೊರತೆನ ಎಲ್ಲಿಂದ ತುಂಬಿಸ್ಕೋತವೆ? ನಿಮ್ಮ ಕುಂಡದ ಮಣ್ಣಿಂದ. ಬೇರಿಗೆ ಸಿಗಬೇಕಾಗಿದ್ದ ಸಾರಜನಕ, ಅಂದ್ರೆ ನೈಟ್ರೇಟ್, ಅಮೋನಿಯಂ ಎಲ್ಲಾ ಅವುಗಳ ಮೈ ಸೇರುತ್ತೆ. ಗಿಡ ಆಗ ಹಳೇ ಎಲೆಯಿಂದ ಸಾರಜನಕ ಹೀರಿ ಹೊಸ ಚಿಗುರಿಗೆ ಕಳಿಸುತ್ತೆ, ಅದಕ್ಕೇ ಕೆಳಗಿನ ಎಲೆ ಮೊದಲು ಹಳದಿ. ಕಾಡು ಹುಲ್ಲುಗಾವಲು ಸರಿಪಡಿಸೋ ಪರಿಸರ ತಜ್ಞರು ಇದನ್ನ ಬೇಕಂತಲೇ ಮಾಡ್ತಾರೆ, ಮಣ್ಣಿಗೆ ಸಕ್ಕರೆ ಚೆಲ್ಲಿ ಸಾರಜನಕ ಕಟ್ಟಿಹಾಕಿ ಕಳೆ ಸೊರಗೋ ಹಾಗೆ. ನೀವು ಗೊತ್ತಿಲ್ಲದೆ ಅದನ್ನೇ ನಿಮ್ಮ ಗಿಡಕ್ಕೆ ಮಾಡಿದೀರ.

ಆದ್ರೆ ಹೆದರಬೇಡಿ, ಬ್ಯಾಕ್ಟೀರಿಯಾ ಹಿಡಿದಿಟ್ಟ ಸಾರಜನಕ ಎಲ್ಲೂ ಓಡಿಹೋಗಿಲ್ಲ. ಬ್ಯಾಕ್ಟೀರಿಯಾ ಸತ್ತಾಗ, ಇಲ್ಲಾ ಅವನ್ನ ಪ್ರೋಟೋಜೋವಾ ಅನ್ನೋ ಒಂದೇ ಕೋಶದ ಜೀವಿಗಳು ತಿಂದಾಗ ತಿರುಗಿ ಬಿಡುಗಡೆ ಆಗುತ್ತೆ. ಕಾಯೋ ಅಷ್ಟು ಟೈಮ್ ಹೂ ಬಿಟ್ಟ ಗಿಡಕ್ಕೆ ಇರಲ್ಲ ಅನ್ನೋದೊಂದೇ ತೊಂದರೆ.

ಹಸಿರುಕುಂಡ:
ಅಯ್ಯೋ. ನಾನು ಎಲೆ ಹಳದಿ ಆದಷ್ಟೂ ಇನ್ನೂ ಹೆಚ್ಚು ಹಾಕ್ತಿದ್ದೆ 😔 ಹುಳಿ ವಾಸನೆ ಯಾಕೆ ಹಾಗಾದ್ರೆ?

ಬೇರುಮಟ್ಟ:
ಗಾಳಿ ಸಾಲ್ತಿಲ್ಲ. ಲೆಕ್ಕ ನೋಡಿ, ಒಂದು ಗ್ರಾಂ ಸಕ್ಕರೆನ ಬ್ಯಾಕ್ಟೀರಿಯಾ ತಿಂದು ಪೂರ್ತಿ ಉರಿಸೋಕೆ ಸುಮಾರು 1.1 ಗ್ರಾಂ ಆಕ್ಸಿಜನ್ ಬೇಕು. ಮನೆ ತಾಪಮಾನದ ಒಂದು ಲೀಟರ್ ನೀರಲ್ಲಿ ಕರಗಿರೋ ಆಕ್ಸಿಜನ್ 8-9 ಮಿಲಿಗ್ರಾಂ ಅಷ್ಟೇ. ಒಂದು ಸಣ್ಣ ಚಮಚ ಕಾಕಂಬಿಯಲ್ಲಿ ನಾಲ್ಕು ಗ್ರಾಂ ಸಕ್ಕರೆ ಇದೆ ಅಂದ್ಕೊಂಡ್ರೂ, ಅದನ್ನ ಪೂರ್ತಿ ಉರಿಸೋಕೆ ಆ ನೀರಲ್ಲಿ ಇರೋದಕ್ಕಿಂತ 500 ಪಟ್ಟು ಆಕ್ಸಿಜನ್ ಬೇಕಾಗುತ್ತೆ. ಸಕ್ಕರೆಯಲ್ಲಿ ಒಂದಷ್ಟು ಅವುಗಳ ಮೈ ಆಗುತ್ತೆ ಸರಿ, ಆದ್ರೂ ಅಂತರ ಎಷ್ಟು ದೊಡ್ಡದು ನೋಡಿ. ಉಳಿದ ಆಕ್ಸಿಜನ್ ಮಣ್ಣಿನ ಸಂದಿಯೊಳಗಿನ ಗಾಳಿಯಿಂದಾನೇ ಬರಬೇಕು. ಮಣ್ಣು ಒದ್ದೆ ಒದ್ದೆ ಇದ್ರೆ ಸಂದಿಯಲ್ಲಿ ಗಾಳಿ ಇಲ್ಲ, ಆಗ ಗಾಳಿ ಬೇಡದ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿ ಆಮ್ಲ ಬಿಡ್ತವೆ, ಹುಳಿ ವಾಸನೆ ಅದೇ. ಬೇರಿಗೂ ಉಸಿರಾಡೋಕೆ ಅದೇ ಆಕ್ಸಿಜನ್ ಬೇಕಲ್ವಾ, ಅದಕ್ಕೂ ಸಿಗಲ್ಲ.

ಹಳೇಬೇರು:
ಒಂದು ನಿಮಿಷ. ಓದ್ತಾ ಇದ್ರೆ ಕಾಕಂಬಿ ಅನ್ನೋದೇ ವಿಷ ಅನ್ನೋ ಹಾಗೆ ಕಾಣ್ತಿದೆ. ನಾನು ಎಂಟು ವರ್ಷದಿಂದ ಹಾಕ್ತಿದೀನಿ, ಗಾಂಜಾಗೂ ಟೊಮೆಟೊಗೂ ಗುಲಾಬಿಗೂ. ಹದವಾಗಿ ಹಾಕಿದ್ರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ ಸ್ವಾಮಿ, ಎಲೆ ಕಡು ಹಸಿರು, ಹೂ ಗಟ್ಟಿ. ಹಾಕದೇ ಇದ್ದ ವರ್ಷ ಗಿಡ ಸಪ್ಪಗಿತ್ತು. ಪುಸ್ತಕದ ಲೆಕ್ಕಕ್ಕಿಂತ ಕುಂಡದ ಮುಂದೆ ನಿಂತು ನೋಡಿದ್ದನ್ನ ನಾನು ಹೆಚ್ಚು ನಂಬ್ತೀನಿ.

ಕ್ಷಾರ_ಲವಣ:
ಹಳೇಬೇರು ಅವರೇ, ನೀವು ನೋಡಿದ್ದು ಸುಳ್ಳು ಅಂತ ನಾನು ಖಂಡಿತ ಹೇಳಲ್ಲ. ನೋಡಿದ್ದು ನಿಜ, ಆದ್ರೆ ಅದರ ಕಾರಣ ಸಕ್ಕರೆ ಆಗಿರದೇ ಇರಬಹುದು. ನಾನು ರಸಾಯನಶಾಸ್ತ್ರ ಓದಿದವಳು, ಒಂದ್ಸಲ ಕೂತು ಲೆಕ್ಕ ಹಾಕಿದ್ದೆ, ಇಲ್ಲಿ ಹಾಕ್ತೀನಿ.

ಕಬ್ಬಿನ ರಸ ಕುದಿಸಿ ಸಕ್ಕರೆ ಹರಳು ತೆಗೆದಮೇಲೆ ಉಳಿಯೋದೇ ಕಾಕಂಬಿ. ಒಂದ್ಸಲ ಕುದಿಸಿದಾಗ ಬರೋದು ತಿಳಿ ಬಣ್ಣ, ಮೂರನೇ ಸಲದ್ದು ಕಪ್ಪು, ಕಹಿ, ಅದನ್ನೇ ಬ್ಲಾಕ್‌ಸ್ಟ್ರಾಪ್ ಅನ್ನೋದು. ಪ್ರತಿ ಸಲ ಸಕ್ಕರೆ ಹೊರಗೆ ಹೋಗ್ತಾ ಹೋಗ್ತಾ ಕಬ್ಬು ಮಣ್ಣಿಂದ ಹೀರಿದ ಖನಿಜ ಎಲ್ಲಾ ಇದರಲ್ಲೇ ಗಟ್ಟಿಯಾಗ್ತಾ ಬರುತ್ತೆ. 100 ಗ್ರಾಂ ಕಾಕಂಬಿಯಲ್ಲಿ ಪೊಟ್ಯಾಸಿಯಂ ಸುಮಾರು 1400ರಿಂದ 2400 ಮಿಲಿಗ್ರಾಂ, ಕಪ್ಪಾದಷ್ಟೂ ಹೆಚ್ಚು. ಮೆಗ್ನೀಸಿಯಂ 200ರ ಮೇಲೆ, ಕ್ಯಾಲ್ಸಿಯಂ 200ರಿಂದ 800ರ ತನಕ, ಕಬ್ಬಿಣ ಐದರಿಂದ ಹದಿನೇಳು ಮಿಲಿಗ್ರಾಂ. ಆದ್ರೆ ರಂಜಕ ಬರೀ 30-40.

ಈಗ ಲೀಟರಿಗೆ 5 ಎಂಎಲ್ ಹಾಕಿದ್ರಿ ಅಂದ್ಕೊಳ್ಳಿ, ಕಾಕಂಬಿ ನೀರಿಗಿಂತ ಭಾರ, ಹಾಗಾಗಿ ಅದು 7 ಗ್ರಾಂ. ಅದರಲ್ಲಿ ಪೊಟ್ಯಾಸಿಯಂ ಎಷ್ಟು ಬಂತು? ಲೀಟರಿಗೆ 100ರಿಂದ 170 ಮಿಲಿಗ್ರಾಂ. ಇದು ಚಿಕ್ಕದೇನಲ್ಲ!! ಹೂ ಬಿಡೋ ಗಿಡಕ್ಕೆ ಕೊಡೋ ದ್ರವ ಗೊಬ್ಬರದಲ್ಲಿ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಕಬ್ಬಿಣಾನೂ ಗಿಡಕ್ಕೆ ಉಪಯೋಗಕ್ಕೆ ಬರೋ ಅಷ್ಟಿದೆ. ಅಂದ್ರೆ ನಿಮ್ಮ ಕಡು ಹಸಿರು ಎಲೆ, ಗಟ್ಟಿ ಹೂ, ಅದು ಪೊಟ್ಯಾಸಿಯಂ ಮತ್ತೆ ಕಬ್ಬಿಣದ ಕೆಲಸ ಇರಬಹುದು. ಸಕ್ಕರೆ ಆ ಕಡೆ ಬ್ಯಾಕ್ಟೀರಿಯಾಗೆ ಹೋಯ್ತು, ಖನಿಜ ಈ ಕಡೆ ಗಿಡಕ್ಕೆ ಬಂತು, ಹೆಸರು ಮಾತ್ರ ಸಕ್ಕರೆಗೆ ಬಂತು.

ಇದೇ ಲೆಕ್ಕನ ಹಸಿರುಕುಂಡ ಅವರ 30 ಎಂಎಲ್‌ಗೆ ಹಾಕಿ. ಲೀಟರಿಗೆ 600ರಿಂದ 1000 ಮಿಲಿಗ್ರಾಂ ಪೊಟ್ಯಾಸಿಯಂ. ಇಷ್ಟು ಪೊಟ್ಯಾಸಿಯಂ ಬೇರಿನ ಹತ್ರ ಇದ್ರೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಒಳಗೆ ಹೋಗೋಕೆ ಜಾಗ ಸಿಗಲ್ಲ. ಹಸಿರುಕುಂಡ, ನಿಮ್ಮ ಮಧ್ಯದ ಎಲೆಗಳಲ್ಲಿ ನರ ಹಸಿರಾಗೇ ಇದ್ದು ನರದ ನಡುವಿನ ಜಾಗ ಮಾತ್ರ ಹಳದಿ ಆಗಿದ್ಯಾ? ಹಾಗಿದ್ರೆ ಅದು ಮೆಗ್ನೀಸಿಯಂ ಕೊರತೆ, ಸಾರಜನಕದ್ದು ಅಲ್ಲ.

ಹಸಿರುಕುಂಡ:
ಈಗ ಹೋಗಿ ನೋಡ್ಕೊಂಡು ಬಂದೆ ಮೇಡಂ. ಕೆಳಗಿಂದು ಪೂರ್ತಿ ಹಳದಿ. ಮಧ್ಯದ್ದು ನೀವು ಹೇಳಿದ ಹಾಗೇ, ನರ ಹಸಿರು ಮಿಕ್ಕಿದ್ದು ಹಳದಿ.

ಕ್ಷಾರ_ಲವಣ:
ಎರಡೂ ಸೇರ್ಕೊಂಡಿದೆ ಹಾಗಾದ್ರೆ.

ಕೊಕೊಪೀಟ್_ಕುಮಾರ:
ನನ್ನದೂ ಒಂದು ಅನುಭವ. ನಾನು ಮಣ್ಣೇ ಹಾಕಲ್ಲ, ತೆಂಗಿನ ನಾರಿನ ಪುಡಿ, ಡ್ರಿಪ್ ಪೈಪಲ್ಲಿ ಗೊಬ್ಬರದ ನೀರು. ಅಂಗಡಿಯಲ್ಲಿ ಹೂವಿಗೆ ಅಂತ ಮಾರೋ ಸಿಹಿ ಟಾನಿಕ್ ಒಂದನ್ನ ತೊಟ್ಟಿಗೆ ಹಾಕಿದೆ, ಲೇಬಲ್ ತಿರುಗಿಸಿ ನೋಡಿದ್ರೆ ಮೊದಲನೇ ಹೆಸರೇ ಮೊಲಾಸಿಸ್. ನಾಲ್ಕೇ ದಿನ, ತೊಟ್ಟಿ ಗೋಡೆಗೆಲ್ಲಾ ಲೋಳೆ, ಡ್ರಿಪ್ಪರ್ ಅರ್ಧ ಕಟ್ಕೊಂಡು ಬಿಟ್ವು, ಎರಡು ಗಿಡಕ್ಕೆ ನೀರೇ ಹೋಗಿರ್ಲಿಲ್ಲ, ಬೇರು ಕಂದು ಬಣ್ಣ. ಎಲ್ಲಾ ಬಿಚ್ಚಿ ತೊಳೆಯೋಕೆ ಒಂದು ದಿನ ಪೂರ್ತಿ ಹೋಯ್ತು. ಮಣ್ಣಿಲ್ಲದೇ ಬೆಳೆಯೋರು ದಯವಿಟ್ಟು ಈ ಕಡೆ ತಲೆ ಹಾಕ್ಬೇಡಿ, ಅಲ್ಲಿ ಗಿಡಕ್ಕೆ ಬೇಕಾದ್ದೆಲ್ಲಾ ನೀರಲ್ಲೇ ಕರಗಿ ಬರ್ತಿರುತ್ತೆ, ಒಡೆದು ಕೊಡೋಕೆ ಜೀವಾಣುಗಳ ಕೆಲಸಾನೇ ಇರಲ್ಲ.

ಪುಟ್ಟಚಿಗುರು:
ಕಾಕಂಬಿಯಲ್ಲಿ ಸಲ್ಫರ್ ಇರೋದು ಇಲ್ಲದ್ದು ಅಂತ ಎರಡು ಬರುತ್ತಲ್ಲ, ಯಾವುದು ತಗೋಬೇಕು? ಎಲೆ ಮೇಲೆ ಸ್ಪ್ರೇ ಮಾಡಬಹುದಾ?

ರಾತ್ರಿರಾಣಿ:
ಸಲ್ಫರ್ ಇಲ್ಲದ್ದು. ಕೆಡದೇ ಇರ್ಲಿ ಅಂತ ಸಲ್ಫರ್ ಡೈಆಕ್ಸೈಡ್ ಸೇರಿಸಿರ್ತಾರೆ, ಅದು ಇರೋದೇ ಸೂಕ್ಷ್ಮಜೀವಿ ಬೆಳೀಬಾರದು ಅಂತ, ನಾವು ಹಾಕೋದು ಬೆಳೀಲಿ ಅಂತ. ಒಂದ್ಸಲ ಹಾಕಿದ್ರೆ ಪ್ರಳಯ ಏನೂ ಆಗಲ್ಲ. ಸ್ಪ್ರೇ ಮಾತ್ರ ಬೇಡ್ವೇ ಬೇಡ, ಹೂ ಬಿಟ್ಟ ಮೇಲಂತೂ ಇಲ್ಲವೇ ಇಲ್ಲ, ಅಂಟಿನ ಮೇಲೆ ಕಪ್ಪು ಬೂಷ್ಟು ಕೂರುತ್ತೆ, ಇರುವೆ ಸಾಲು ಕಟ್ಟುತ್ತೆ, ದಟ್ಟ ಮೊಗ್ಗಿನೊಳಗೆ ತೇವ ಉಳಿದ್ರೆ ಬೂದು ಕೊಳೆ ರೋಗ ಬರುತ್ತೆ. ಅದು ಬಂದ ಮೊಗ್ಗನ್ನ ಬಿಸಾಕಬೇಕು, ಒಣಗಿಸಿದ್ರೆ ಸರಿ ಹೋಗಲ್ಲ.

ಹಳೇಬೇರು:
ಕ್ಷಾರ ಲವಣ ಮೇಡಂ, ನಿಮ್ಮ ಲೆಕ್ಕನ ಎರಡು ಸಲ ಓದಿದೆ. ಈ ದಿಕ್ಕಲ್ಲಿ ನಾನು ಯೋಚನೆ ಮಾಡಿರ್ಲೇ ಇಲ್ಲ. ಒಂದು ಕೆಲಸ ಮಾಡ್ತೀನಿ, ಒಂದೇ ತಾಯಿ ಗಿಡದ ನಾಲ್ಕು ಕಟಿಂಗ್ ಇದಾವೆ ನನ್ನ ಹತ್ರ. ಎರಡಕ್ಕೆ ಮಾಮೂಲಿ ಕಾಕಂಬಿ, ಇನ್ನೆರಡಕ್ಕೆ ಅಷ್ಟೇ ಪೊಟ್ಯಾಸಿಯಂ ಬರೋ ಹಾಗೆ ಪೊಟ್ಯಾಸಿಯಂ ಸಲ್ಫೇಟ್. ಮಣ್ಣು ಬೆಳಕು ನೀರು ಎಲ್ಲಾ ಒಂದೇ. ಪೊಟ್ಯಾಸಿಯಂ ಸಲ್ಫೇಟ್ ಎಷ್ಟು ಹಾಕ್ಬೇಕು ಹೇಳಿ.

ಕ್ಷಾರ_ಲವಣ:
ಅದರ ತೂಕದಲ್ಲಿ ಶೇಕಡ 40ಕ್ಕಿಂತ ಸ್ವಲ್ಪ ಹೆಚ್ಚು ಪೊಟ್ಯಾಸಿಯಂ. ಲೀಟರಿಗೆ 5 ಎಂಎಲ್ ಕಾಕಂಬಿಗೆ ಸಮ ಅಂದ್ರೆ ಒಂದು ಗ್ರಾಂನ ಮೂರನೇ ಒಂದು ಭಾಗ. ತೂಕ ಮಾಡಿ ಹಾಕಿ, ಚಮಚದಲ್ಲಿ ಬೇಡ. ನೀವು ಹೀಗೆ ಮಾಡ್ತೀನಿ ಅಂದಿದ್ದು ತುಂಬಾ ಸಂತೋಷ ಆಯ್ತು ಸರ್, ನಿಜವಾಗ್ಲೂ.

ಎರೆಹುಳ:
ಕಾಂಪೋಸ್ಟ್ ಟೀ ಬಗ್ಗೆ ಯಾರೂ ಹೇಳಿಲ್ಲ, ಇದನ್ನ ಹೇಳ್ದೆ ಹೋಗೋಕೆ ಮನಸ್ಸಾಗ್ತಿಲ್ಲ. ಬಕೆಟ್ ನೀರಿಗೆ ಗೊಬ್ಬರದ ಚೀಲ ಇಳಿಬಿಟ್ಟು ಕಾಕಂಬಿ ಹಾಕಿ ಏರ್ ಪಂಪ್ ಬಿಟ್ಟು ಒಂದು ದಿನ ಬಿಡ್ತೀವಲ್ಲ, ಒಳ್ಳೇ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಆಗ್ಲಿ ಅಂತ. ಆದ್ರೆ ಸಕ್ಕರೆಗೆ ಒಳ್ಳೇದು ಕೆಟ್ಟದ್ದು ಗೊತ್ತಿಲ್ಲ. ಗೊಬ್ಬರ ಸರಿಯಾಗಿ ಬಿಸಿ ಏರದೇ ಹಸಿ ಸಗಣಿ ಅಂಶ ಉಳಿದಿದ್ರೆ ಈ-ಕೊಲೈ, ಸಾಲ್ಮೊನೆಲ್ಲಾ ಕೂಡ ಅದೇ ಊಟದಲ್ಲಿ ಬೆಳೀತವೆ. ಅಮೆರಿಕದ ಕೃಷಿ ಇಲಾಖೆ ವಿಜ್ಞಾನಿಗಳು 2007ರಲ್ಲೇ ತೋರಿಸಿದ್ರು, ಪೋಷಕಾಂಶ ಸೇರಿಸಿ ಮಾಡಿದ ಟೀಯಲ್ಲಿ ಈ ರೋಗಾಣುಗಳು ಬೆಳೆಯೋಕೆ ಅವಕಾಶ ಆಗುತ್ತೆ ಅಂತ. ನಾನು ಈಗ ಟೀ ಮಾಡೋದೇ ಬಿಟ್ಟೆ, ಗೊಬ್ಬರನ ನೇರ ಮಣ್ಣಿನ ಮೇಲೆ ಒಂದು ಬೆರಳು ದಪ್ಪ ಹರಡ್ತೀನಿ. ಮಾಡೋರು ಪೂರ್ತಿ ಕಳಿತ ಗೊಬ್ಬರ ತಗೊಳ್ಳಿ, ಸಕ್ಕರೆ ಹಾಕದೇ ಮಾಡಿ, ಬಕೆಟ್ ತೊಳೀರಿ, ಹಸಿಯಾಗಿ ತಿನ್ನೋ ಸೊಪ್ಪಿಗೆ ಮತ್ತೆ ಯಾವ ಹೂವಿಗೂ ಎರಚಬೇಡಿ.

ಬೇರುಮಟ್ಟ:
ಎರೆಹುಳ ಹೇಳಿದ್ದು ಮುಖ್ಯ. ಅದರ ಜೊತೆಗೇ ಇನ್ನೊಂದು. ಹೊಲದ ಮಣ್ಣಲ್ಲಿರೋ ರೋಗದ ಶಿಲೀಂಧ್ರ, ಜಂತುಹುಳ ಕೊಲ್ಲೋಕೂ ಇದೇ ಕಾಕಂಬಿ ಬಳಸ್ತಾರೆ! ಮಣ್ಣಿಗೆ ಹೇರಳವಾಗಿ ಕಾಕಂಬಿ ಅಥವಾ ಭತ್ತದ ತೌಡು ಸೇರಿಸಿ, ನೀರು ತುಂಬಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಕೆಲವು ವಾರ ಬಿಡೋದು. ಬ್ಯಾಕ್ಟೀರಿಯಾ ಆಕ್ಸಿಜನ್ ಎಲ್ಲಾ ಮುಗಿಸಿ ಆಮ್ಲ ಬಿಡ್ತವೆ, ಒಳಗಿದ್ದ ರೋಗಾಣು ಸಾಯುತ್ತೆ. ಜಪಾನ್ ಮತ್ತೆ ನೆದರ್ಲೆಂಡ್ಸಲ್ಲಿ ಬೆಳೆದ ಪದ್ಧತಿ, ಮೀಥೈಲ್ ಬ್ರೋಮೈಡ್ ಅನ್ನೋ ವಿಷಾನಿಲ ಓಝೋನ್ ಹಾಳು ಮಾಡುತ್ತೆ ಅಂತ ನಿಲ್ಲಿಸಿದ ಮೇಲೆ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲದಲ್ಲೂ ಬಂತು. ಗಿಡ ನೆಡೋ ಮುಂಚೆ ಮಾಡೋದು ಅದು. ಜಾಸ್ತಿ ಕಾಕಂಬಿ, ಜಾಸ್ತಿ ನೀರು, ಗಾಳಿ ಇಲ್ಲ. ಹಸಿರುಕುಂಡ ಅವರ ಕುಂಡದಲ್ಲಿ ಅದೇ ಚಿಕ್ಕದಾಗಿ ನಡೀತಿತ್ತು, ಗಿಡ ಒಳಗೇ ಇರುವಾಗ.

ಈಗ ಏನು ಮಾಡಬೇಕು ಅಂತ ನಾನು ಹೇಳೋದು ಇಷ್ಟು. ಕಾಕಂಬಿ ಪೂರ್ತಿ ಬಂದ್. ಮೇಲಿನ ಎರಡು ಮೂರು ಸೆಂಟಿಮೀಟರ್ ಒಣಗೋ ತನಕ ನೀರು ಹಾಕ್ಬೇಡಿ, ಕುಂಡ ಎತ್ತಿ ನೋಡಿ ಹಗುರ ಅನ್ಸಿದ ಮೇಲೆ ಹಾಕಿ. ಬಿಳಿ ಪದರನ ಕೈಯಲ್ಲಿ ಕೆದಕಿ ಒಡೀರಿ. ಆ ನೊಣಗಳ ಮರಿ ಒದ್ದೆ ಮಣ್ಣಲ್ಲೇ ಬೆಳೆಯೋದು, ಒಣಗಿದ್ರೆ ಅರ್ಧ ಸಮಸ್ಯೆ ಹೋಯ್ತು, ಉಳಿದದ್ದಕ್ಕೆ ಹಳದಿ ಅಂಟುಹಾಳೆ ನೇತುಹಾಕಿ. ಹುಳಿ ವಾಸನೆ ಹೋದ ಮೇಲೆ ಒಂದು ತೆಳು ಸಾರಜನಕದ ದ್ರವ ಗೊಬ್ಬರ, ಅದರ ಜೊತೆ ಲೀಟರಿಗೆ ಒಂದು ಗ್ರಾಂ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್). ಗಾಬರಿಯಲ್ಲಿ ಬಕೆಟ್‌ಗಟ್ಟಲೆ ನೀರು ಸುರಿದು ತೊಳೆಯೋಕೆ ಹೋಗ್ಬೇಡಿ, ಬೇರಿಗೆ ಈಗ ಬೇಕಿರೋದು ಗಾಳಿ. ಹಳದಿ ಆದ ಎಲೆ ವಾಪಸ್ ಹಸಿರಾಗಲ್ಲ, ಹೊಸ ಎಲೆ ನೋಡಿ ನಿರ್ಧಾರ ಮಾಡಿ.

ಪುಟ್ಟಚಿಗುರು:
ಹಾಗಾದ್ರೆ ಕಾಕಂಬಿ ಯಾವಾಗ ಹಾಕೋದು? ಹಾಕ್ಲೇಬಾರದಾ?

ಬೇರುಮಟ್ಟ:
ಹಾಕಬಹುದು. ಮಣ್ಣಲ್ಲಿ ಗೊಬ್ಬರ ಚೆನ್ನಾಗಿದ್ದು, ಗಾಳಿ ಆಡ್ತಿದ್ದು, ಎಲೆ ಹಸಿರಾಗಿದ್ದಾಗ. ಲೀಟರಿಗೆ 2ರಿಂದ 5 ಎಂಎಲ್, ಮೊದ್ಲು ಬಿಸಿನೀರಲ್ಲಿ ಕರಗಿಸಿ ಆಮೇಲೆ ತಣ್ಣೀರು ಸೇರಿಸಿ, ಎರಡು ವಾರಕ್ಕೊಂದು ಸಲ, ಕಲಸಿದ್ದನ್ನ ಅವತ್ತೇ ಮುಗಿಸಿ. ಸಾವಯವ ಗೊಬ್ಬರ ಹಾಕಿರೋ ಮಣ್ಣಲ್ಲಿ ಸ್ವಲ್ಪ ಸಕ್ಕರೆ ಬಿದ್ರೆ ಜೀವಾಣು ಎದ್ದು ಹಳೇ ಗೊಬ್ಬರನೂ ಒಡೆಯೋಕೆ ಶುರು ಮಾಡ್ತವೆ, ಮಣ್ಣಿನ ವಿಜ್ಞಾನದಲ್ಲಿ ಇದಕ್ಕೆ ಪ್ರೈಮಿಂಗ್ ಅಂತ ಹೆಸರು. ಹಸಿರು ಗೊಬ್ಬರ ಹಾಕಿದಾಗ ಮಣ್ಣಲ್ಲಿದ್ದ ಹಳೇ ಸಾವಯವ ಅಂಶಾನೂ ಬೇಗ ಕರಗುತ್ತೆ ಅಂತ 1926ರಲ್ಲೇ ಲೋನಿಸ್ ಅನ್ನೋ ವಿಜ್ಞಾನಿ ಗಮನಿಸಿದ್ರು. ಆದ್ರೆ ಅದು ಉಳಿತಾಯ ಖಾತೆಯಿಂದ ದುಡ್ಡು ತೆಗೆದ ಹಾಗೆ, ಗೊಬ್ಬರ ಹಾಕದೇ ಬರೀ ಸಕ್ಕರೆ ಹಾಕ್ತಾ ಹೋದ್ರೆ ಖಾತೆ ಖಾಲಿ ಆಗುತ್ತೆ. ಕಾನೂನು ಬಿಡದ ಕಡೆ ಇರೋರು ಇದನ್ನೆಲ್ಲಾ ಟೊಮೆಟೊ ಮೆಣಸಿನ ಗಿಡಕ್ಕೆ ಅಂತ ಓದ್ಕೊಳ್ಳಿ, ಮಣ್ಣಿಗೆ ಮೇಲಿರೋದು ಯಾವ ಗಿಡ ಅನ್ನೋದು ಗೊತ್ತಾಗಲ್ಲ.

ಹಸಿರುಕುಂಡ:
(ಮೂರು ವಾರ ಆದ್ಮೇಲೆ)
ಹೇಳಿದ ಹಾಗೇ ಮಾಡಿದೆ. ಮೊದಲನೇ ವಾರ ಎಲೆಗಳಲ್ಲಿ ಏನೂ ಬದಲಾಗ್ಲಿಲ್ಲ, ಇನ್ನೂ ನಾಲ್ಕೈದು ಎಲೆ ಉದುರಿದ್ವು, ಅಳು ಬರೋದೊಂದು ಬಾಕಿ. ಐದನೇ ದಿನಕ್ಕೆ ಹುಳಿ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬಂತು, ಆವತ್ತೇ ಸ್ವಲ್ಪ ಧೈರ್ಯ ಬಂತು. ಎಪ್ಸಮ್ ಉಪ್ಪು ಹಾಕಿದ ಮೇಲೆ ಹಳದಿ ಮೇಲಕ್ಕೆ ಹತ್ತೋದು ನಿಂತಿದೆ. ಒಂದು ಗಿಡ ಮಾತ್ರ ಚೇತರಿಸ್ಕೊಳ್ಲಿಲ್ಲ, ಕಿತ್ತು ನೋಡಿದ್ರೆ ಕೆಳಗಿನ ಬೇರೆಲ್ಲಾ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು, ಆ ಕುಂಡದ ತೂತು ಬೇರೆ ಕಟ್ಕೊಂಡಿತ್ತು. ಉಳಿದ ಮೂರು ಚೆನ್ನಾಗಿವೆ. ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್ 🙏

ಹಳೇಬೇರು:
(ಕೆಲವು ತಿಂಗಳು ಆದ್ಮೇಲೆ)
ನನ್ನ ನಾಲ್ಕು ಗಿಡದ ಕಥೆಯೂ ಮುಗೀತು, ಕೊಯ್ದು ಒಣಗಿಸಿ ಡಬ್ಬಿಗೆ ಹಾಕಿದೆ. ತೂಕದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ, ಕಾಕಂಬಿದೊಂದು ಗಿಡ ಮೊದಲು, ಸಲ್ಫೇಟಿಂದೊಂದು ಎರಡನೇದು. ಡಬ್ಬಿ ಮೇಲೆ ನಂಬರ್ ಮಾತ್ರ ಬರೆದು ಮನೆಯವ್ರ ಕೈಗೆ ಕೊಟ್ಟು, ಯಾವುದು ಕಾಕಂಬಿದು ಹೇಳು ವಾಸನೆ ನೋಡಿ ಅಂದೆ, ಹೇಳೋಕಾಗ್ಲಿಲ್ಲ. ನಾನೂ ಕಣ್ಮುಚ್ಕೊಂಡು ನೋಡಿದೆ, ನನಗೂ ಆಗ್ಲಿಲ್ಲ. ನಾಲ್ಕೇ ಗಿಡ, ಇದೇ ಕೊನೇ ಮಾತು ಅನ್ನಲ್ಲ. ಆದ್ರೆ ಕಾಕಂಬಿ ಹಾಕಿದ ಕುಂಡದ ಮಣ್ಣು ಪುಡಿ ಪುಡಿಯಾಗಿ, ಕೈಗೆ ಹಗುರವಾಗಿತ್ತು ಮೇಡಂ, ಅದನ್ನ ಮಾತ್ರ ನಾನು ಬಿಟ್ಟುಕೊಡಲ್ಲ.

ಕ್ಷಾರ_ಲವಣ:
ಬಿಟ್ಟುಕೊಡಬೇಡಿ ಸರ್. ಬ್ಯಾಕ್ಟೀರಿಯಾ ಬಿಡೋ ಅಂಟು ಮಣ್ಣಿನ ಕಣಗಳನ್ನ ಗುಳಿಗೆ ಗುಳಿಗೆಯಾಗಿ ಕಟ್ಟುತ್ತೆ, ನೀವು ಕೈಯಲ್ಲಿ ಮುಟ್ಟಿದ್ದು ಅದೇ ಇರಬಹುದು. ಮುಂದಿನ ಸಲ ಎಂಟು ಗಿಡದಲ್ಲಿ ಮಾಡೋಣ, ಕಾನೂನಿನ ಲೆಕ್ಕ ಮೀರದ ಹಾಗೆ ಟೊಮೆಟೊ ಹಾಕಿ, ನಾನೂ ಇಲ್ಲಿ ಹಾಕ್ತೀನಿ.

ಹಸಿರುಕುಂಡ:
ಅರ್ಧ ಡಬ್ಬ ಕಾಕಂಬಿ ಉಳಿದಿದೆ. ಒಣ ಎಲೆ ರಾಶಿ ಹಾಕಿದೀನಿ ಗೊಬ್ಬರಕ್ಕೆ, ಅದರ ಮೇಲೆ ಸುರಿದ್ರೆ ಬೇಗ ಕೊಳೆಯುತ್ತಾ?

ಎರೆಹುಳ:
ಒಣ ಎಲೆಯಲ್ಲಿ ಇಂಗಾಲ ಮೊದಲೇ ಜಾಸ್ತಿ, ಅದಕ್ಕೆ ಬೇಕಿರೋದು ಸಾರಜನಕ. ಹಸಿ ಹುಲ್ಲು, ತರಕಾರಿ ಸಿಪ್ಪೆ ಸೇರಿಸಿ ತಿರುವಿ ಹಾಕಿ. ಕಾಕಂಬಿ ಮುಚ್ಚಳ ಗಟ್ಟಿ ಹಾಕಿ ಎತ್ತಿಡಿ, ಕೆಡಲ್ಲ.